ಕಣ್ಣಿನೊಳಗಿನ ಒತ್ತಡ: ಗ್ಲಾಕೋಮಾ ಚಿಕಿತ್ಸೆಯಲ್ಲಿ ಅದರ ಏರಿಳಿತ

ನಮ್ಮ ಕಾಲೇಜಿನಲ್ಲಿ ಬಹುಕಾಲ ಗಣಿತ ಬೋಧಿಸಿ ನಿವೃತ್ತರಾದ ಹಿರಿಯರೊಬ್ಬರು ಕೆಲವು ಕಾಲದ ಹಿಂದೆ ಒಂದು ಗ್ರಾಫ್ ಹಾಳೆ ಹಿಡಿದುಕೊಂಡು ನಮ್ಮ ವಿಭಾಗಕ್ಕೆ ಬಂದರು. ಅವರಿಗೆ ಗ್ಲಾಕೋಮಾ ಇದೆಯೆಂದು ಗೊತ್ತಾಗಿ ಮೂರು ವರ್ಷಗಳಾಗಿದ್ದವು. ದಿನಕ್ಕೆ ಎರಡು ಬಾರಿ ತಪ್ಪದೆ ಕಣ್ಣಿಗೆ ಹನಿ ಔಷಧಿ ಹಾಕಿಕೊಳ್ಳುತ್ತಿದ್ದರು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಕಣ್ಣಿನ ಒತ್ತಡ ಅಳೆಸಿಕೊಂಡು, ಬಂದ ಸಂಖ್ಯೆಯನ್ನು ಗ್ರಾಫಿನಲ್ಲಿ ಗುರುತಿಸುತ್ತಿದ್ದರು. 16, 15, 17, 16, 15, 16. ಬಿಂದುಗಳನ್ನು ಸೇರಿಸಿದರೆ ಹೆಚ್ಚು ಕಡಿಮೆ ಸರಳರೇಖೆ. ಆದರೆ ಅದೇ ಅವಧಿಯಲ್ಲಿ ಅವರ ಬಲಗಣ್ಣಿನ ದೃಷ್ಟಿಕ್ಷೇತ್ರದಲ್ಲಿ ಕಾಣದ ಭಾಗ ಹಿಗ್ಗಿತ್ತು. "ಒತ್ತಡ ಸರಿಯಾಗಿದೆ ಅನ್ನುತ್ತಾರೆ, ದೃಷ್ಟಿ ಹೋಗುತ್ತಲೇ ಇದೆ. ನೀವು ಭೌತವಿಜ್ಞಾನದವರಲ್ಲವೇ, ಇದು ಹೇಗೆ ಹೇಳಿ" ಎಂದರು.

ನಾನು ಕೇಳಿದ ಮೊದಲ ಪ್ರಶ್ನೆ, ಅಳತೆಯ ಸಮಯ ಯಾವುದು ಎಂದು. ಪ್ರತಿ ಸಲವೂ ಬೆಳಗಿನ ಹನ್ನೊಂದು ಗಂಟೆ! ಬೆಳಗಿನ ಬಸ್ಸು ಅವರನ್ನು ಆಸ್ಪತ್ರೆಗೆ ಮುಟ್ಟಿಸುತ್ತಿದ್ದದ್ದೇ ಆ ಹೊತ್ತಿಗೆ.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿಕೊಂಡದ್ದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ನಾನು ವೈದ್ಯನಲ್ಲ, ಇಲ್ಲಿರುವುದು ಮುಖ್ಯವಾಗಿ ದ್ರವಗಳ ಹರಿವು, ಒತ್ತಡ ಮತ್ತು ಅಳತೆಗಳ ವಿಚಾರ. ಪ್ರೌಢಶಾಲೆಯ ಭೌತವಿಜ್ಞಾನ ಇದಕ್ಕೆ ಸಾಕು.

ಕಣ್ಣಿಗೆ ಒತ್ತಡವೇಕೆ?

ಕಣ್ಣು ಸುಮಾರು 24 ಮಿಲಿಮೀಟರ್ ವ್ಯಾಸದ ಗೋಳ. ಕ್ಯಾಮೆರಾದಂತೆ ಅದೂ ಕೆಲಸ ಮಾಡಬೇಕಾದರೆ ಮಸೂರಕ್ಕೂ ಅಕ್ಷಿಪಟಲಕ್ಕೂ ನಡುವಿನ ದೂರ ಬದಲಾಗಕೂಡದು. ಆದರೆ ಕಣ್ಣಿಗೆ ಕ್ಯಾಮೆರಾದಂತಹ ಗಟ್ಟಿ ಪೆಟ್ಟಿಗೆ ಇಲ್ಲ. ಗಾಳಿ ತುಂಬಿದ ಫುಟ್‌ಬಾಲ್ ಆಕಾರ ಉಳಿಸಿಕೊಳ್ಳುವಂತೆಯೇ ಕಣ್ಣು ಕೂಡ ಒಳಗಿನ ದ್ರವದ ಒತ್ತಡದಿಂದ ತನ್ನ ಆಕಾರ ಕಾಯ್ದುಕೊಳ್ಳುತ್ತದೆ. ಈ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಸುಮಾರು 15 ಮಿ.ಮೀ. ಪಾದರಸದಷ್ಟು ಹೆಚ್ಚು. ಪಾಸ್ಕಲ್‌ನಲ್ಲಿ ಹೇಳುವುದಾದರೆ 2000 ಪಾಸ್ಕಲ್. ನೀರಿನ ಸ್ತಂಭದ ಲೆಕ್ಕದಲ್ಲಿ ಬರೀ 20 ಸೆಂಟಿಮೀಟರ್, ಅಂದರೆ ಒಂದು ದೊಡ್ಡ ಲೋಟದ ತಳದಲ್ಲಿರುವಷ್ಟು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 10ರಿಂದ 21ರ ನಡುವೆ ಇರುತ್ತದೆ. (ಮುಂದೆಲ್ಲ ಬರೀ ಸಂಖ್ಯೆ ಹೇಳಿದರೆ ಅದು ಮಿ.ಮೀ. ಪಾದರಸ ಎಂದು ತಿಳಿಯಬೇಕು.)

ಈ ಒತ್ತಡವನ್ನು ಉಂಟುಮಾಡುವುದು ಜಲರಸ ಎಂಬ ತಿಳಿಯಾದ ದ್ರವ. ಕಣ್ಣಿನ ಬಣ್ಣದ ಪರದೆಯ ಹಿಂದಿರುವ ಸಿಲಿಯರಿ ಕಾಯ ಇದನ್ನು ನಿಮಿಷಕ್ಕೆ ಸುಮಾರು 2.5 ಮೈಕ್ರೊಲೀಟರಿನಂತೆ ಸ್ರವಿಸುತ್ತದೆ. ದ್ರವ ಪಾಪೆಯ ಮೂಲಕ ಮುಂದಿನ ಕೋಣೆಗೆ ಬಂದು, ಕಾರ್ನಿಯಾ ಮತ್ತು ಬಣ್ಣದ ಪರದೆ ಕೂಡುವ ಮೂಲೆಯಲ್ಲಿರುವ ಸ್ಪಂಜಿನಂತಹ ಜಾಲರಿಯಲ್ಲಿ ಸೋಸಿ, ಶ್ಲೆಮ್ ನಾಳವನ್ನು ಸೇರಿ, ಅಲ್ಲಿಂದ ಕಣ್ಣಿನ ಬಿಳಿಭಾಗದ ಮೇಲಿನ ಸಣ್ಣ ಅಭಿಧಮನಿಗಳಿಗೆ ಹರಿದುಹೋಗುತ್ತದೆ. ಇನ್ನೊಂದು ಭಾಗ ಸಿಲಿಯರಿ ಸ್ನಾಯುವಿನ ಎಳೆಗಳ ನಡುವೆ ಜಿನುಗಿ ಹೊರಬೀಳುತ್ತದೆ. ಇದನ್ನು ಅಡ್ಡದಾರಿ ಎನ್ನೋಣ. ಮುಂದಿನ ಕೋಣೆಯಲ್ಲಿ ಇರುವುದು ಸುಮಾರು ಕಾಲು ಮಿಲಿಲೀಟರ್ ಜಲರಸ. ಹಾಗಾಗಿ ನೂರು ನಿಮಿಷಗಳಲ್ಲಿ ಅಷ್ಟೂ ದ್ರವ ಹೊಸದಾಗುತ್ತದೆ. ಇದು ಕಣ್ಣೀರಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಕಣ್ಣೀರು ಕಣ್ಣಿನ ಹೊರಗಿನದು. ಎಷ್ಟು ಅತ್ತರೂ ಕಣ್ಣಿನೊಳಗಿನ ದ್ರವ ಖರ್ಚಾಗುವುದಿಲ್ಲ.

ಗ್ಲಾಕೋಮಾ ಎನ್ನುವುದು ಒಂದೇ ರೋಗವಲ್ಲ, ರೋಗಗಳ ಗುಂಪು. ಎಲ್ಲದರಲ್ಲೂ ಕೊನೆಗೆ ಹಾನಿಯಾಗುವುದು ದೃಷ್ಟಿನರಕ್ಕೆ. ಸುಮಾರು ಹತ್ತು ಲಕ್ಷ ನರತಂತುಗಳು ಕಣ್ಣಿನ ಹಿಂಭಾಗದಲ್ಲಿ ಜರಡಿಯಂತಹ ಒಂದು ಪೊರೆಯ ರಂಧ್ರಗಳ ಮೂಲಕ ಹೊರಬರುತ್ತವೆ. ಕಣ್ಣಿನ ಗೋಡೆಯಲ್ಲಿ ಯಾಂತ್ರಿಕವಾಗಿ ದುರ್ಬಲವಾದ ಜಾಗ ಇದೇ. ಒಳಗಿನ ಒತ್ತಡ ಈ ಜರಡಿಯನ್ನು ಹಿಂದಕ್ಕೆ ಬಾಗಿಸಿದಾಗ ತಂತುಗಳು ನಲುಗುತ್ತವೆ, ಅವುಗಳ ರಕ್ತ ಪೂರೈಕೆಯೂ ಕುಗ್ಗುತ್ತದೆ. ಸತ್ತ ತಂತು ಮತ್ತೆ ಹುಟ್ಟುವುದಿಲ್ಲ. ನಷ್ಟ ಸಾಮಾನ್ಯವಾಗಿ ಅಂಚಿನ ನೋಟದಿಂದ ಶುರುವಾಗುವುದರಿಂದ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ, ರೋಗಿಗೆ ಬಹುಕಾಲ ಏನೂ ತಿಳಿಯುವುದಿಲ್ಲ. ಕಣ್ಣಿನ ಪೊರೆ ಎಂದರೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಪೊರೆ ತೆಗೆಸಿದರೆ ದೃಷ್ಟಿ ಮರಳುತ್ತದೆ ಎಂಬುದೂ ಗೊತ್ತು. ಗ್ಲಾಕೋಮಾದಲ್ಲಿ ಹೋದದ್ದು ಮರಳುವುದಿಲ್ಲ. 2010ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 40 ವರ್ಷ ದಾಟಿದವರಲ್ಲಿ ಸುಮಾರು 1 ಕೋಟಿ 12 ಲಕ್ಷ ಮಂದಿಗೆ ಈ ರೋಗವಿತ್ತು. ಅವರಲ್ಲಿ ಬಹುಪಾಲು ಜನರಿಗೆ ಅದು ತಿಳಿದಿರಲಿಲ್ಲ.

ಈವರೆಗೆ ಚಿಕಿತ್ಸೆ ಎಂದರೆ ಒತ್ತಡವನ್ನು ಇಳಿಸುವುದೇ. ಸ್ವೀಡನ್ನಿನಲ್ಲಿ ನಡೆದ, ಆರಂಭ ಹಂತದ ಗ್ಲಾಕೋಮಾ ಕುರಿತ ಪ್ರಸಿದ್ಧ ಪ್ರಯೋಗದ 2003ರ ವರದಿ ಪ್ರಕಾರ, ಇಳಿಸಿದ ಪ್ರತಿ 1 ಮಿ.ಮೀ. ಒತ್ತಡಕ್ಕೆ ರೋಗ ಮುಂದುವರಿಯುವ ಸಂಭವ ಸುಮಾರು ಶೇ. 10ರಷ್ಟು ಕಡಿಮೆಯಾಗುತ್ತದೆ. ಒಂದೊಂದು ಮಿಲಿಮೀಟರಿಗೂ ಇಷ್ಟು ಬೆಲೆ ಇರುವಾಗ, ಆ ಮಿಲಿಮೀಟರು ದಿನದ ಯಾವ ಹೊತ್ತಿನದು ಎಂದು ಕೇಳದೆ ಇರಲಾದೀತೆ?

ಗೋಲ್ಡ್‌ಮನ್ ಸಮೀಕರಣ

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನೇತ್ರತಜ್ಞ ಹನ್ಸ್ ಗೋಲ್ಡ್‌ಮನ್ ಕಳೆದ ಶತಮಾನದ ಮಧ್ಯದಲ್ಲಿ ಈ ಹರಿವನ್ನು ಒಂದು ಸರಳ ಸಮೀಕರಣಕ್ಕೆ ತಂದರು. ಓಮ್‌ನ ನಿಯಮ ಬಲ್ಲವರಿಗೆ ಇದು ಹೊಸದಲ್ಲ. ವಿಭವಾಂತರದ ಜಾಗದಲ್ಲಿ ಒತ್ತಡಗಳ ವ್ಯತ್ಯಾಸ, ವಿದ್ಯುತ್ ಪ್ರವಾಹದ ಜಾಗದಲ್ಲಿ ಜಲರಸದ ಹರಿವು, ರೋಧದ ಜಾಗದಲ್ಲಿ ಜಾಲರಿಯ ತಡೆ. ನೇತ್ರತಜ್ಞರು ರೋಧದ ಬದಲು ಅದರ ವಿಲೋಮವನ್ನು ಬಳಸುತ್ತಾರೆ. ಅದನ್ನು ಹೊರಹರಿವಿನ ಸುಲಭತೆ ಎಂದು ಕರೆಯೋಣ.

ಕಣ್ಣಿನ ಒತ್ತಡ = (ಉತ್ಪಾದನೆ − ಅಡ್ಡದಾರಿಯ ಹರಿವು) ÷ ಹೊರಹರಿವಿನ ಸುಲಭತೆ + ಅಭಿಧಮನಿಯ ಒತ್ತಡ

ಆರೋಗ್ಯವಂತ ಕಣ್ಣಿನ ಅಂದಾಜು ಬೆಲೆಗಳನ್ನು ಹಾಕಿ ನೋಡೋಣ. ಉತ್ಪಾದನೆ ನಿಮಿಷಕ್ಕೆ 2.5 ಮೈಕ್ರೊಲೀಟರ್, ಅಡ್ಡದಾರಿಯ ಹರಿವು 0.5, ಸುಲಭತೆ ಪ್ರತಿ ಮಿ.ಮೀ. ಪಾದರಸಕ್ಕೆ ನಿಮಿಷಕ್ಕೆ 0.3 ಮೈಕ್ರೊಲೀಟರ್, ಅಭಿಧಮನಿಯ ಒತ್ತಡ 9. ಆಗ 2.0 ÷ 0.3 + 9 = 15.7. ಅಳತೆಯಲ್ಲಿ ಸಿಗುವುದೂ ಇಷ್ಟೇ.

ಈಗ ಜಾಲರಿ ಕಟ್ಟಿಕೊಂಡಿದೆ ಎನ್ನೋಣ. ಸುಲಭತೆ 0.13ಕ್ಕೆ ಇಳಿಯಿತು. ಒತ್ತಡ 2.0 ÷ 0.13 + 9, ಅಂದರೆ 24.4 ಆಗುತ್ತದೆ. ಇಲ್ಲಿಯವರೆಗೆ ಎಲ್ಲ ಪುಸ್ತಕಗಳಲ್ಲೂ ಇದೆ. ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಉತ್ಪಾದನೆ ಹಗಲಿನಲ್ಲಿ ಯಾವುದೋ ಕಾರಣಕ್ಕೆ 0.5ರಷ್ಟು ಹೆಚ್ಚಾಯಿತು. ಆರೋಗ್ಯವಂತ ಕಣ್ಣಿನಲ್ಲಿ ಇದರಿಂದಾಗುವ ಏರಿಕೆ 0.5 ÷ 0.3, ಅಂದರೆ 1.7. ಜಾಲರಿ ಕಟ್ಟಿಕೊಂಡ ಕಣ್ಣಿನಲ್ಲಿ 0.5 ÷ 0.13, ಅಂದರೆ 3.8. ಏರುಪೇರಿನ ಮೂಲ ಒಂದೇ, ಪರಿಣಾಮ ಎರಡು ಪಟ್ಟಿಗಿಂತ ಹೆಚ್ಚು! ಗ್ಲಾಕೋಮಾ ಕಣ್ಣಿನ ಒತ್ತಡ ಬರೀ ಎತ್ತರದಲ್ಲಿ ಇರುವುದಲ್ಲ, ಹೆಚ್ಚು ತೂಗಾಡುತ್ತದೆ ಕೂಡ. 1960ರಲ್ಲಿ ಡ್ರಾನ್ಸ್ ಎಂಬ ವೈದ್ಯರು ಪ್ರಕಟಿಸಿದ ಅಳತೆಗಳಲ್ಲಿ ದಿನದ ಏರಿಳಿತ ಆರೋಗ್ಯವಂತರಲ್ಲಿ ಸರಾಸರಿ 4ರಷ್ಟಿದ್ದರೆ, ಚಿಕಿತ್ಸೆ ಪಡೆಯದ ಗ್ಲಾಕೋಮಾ ಕಣ್ಣುಗಳಲ್ಲಿ ಸುಮಾರು 11ರಷ್ಟಿತ್ತು.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ತಳ ಕತ್ತರಿಸಿದ ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಒಂದರ ಮುಚ್ಚಳಕ್ಕೆ ದಪ್ಪ ಸ್ಟ್ರಾ, ಇನ್ನೊಂದಕ್ಕೆ ಸಣ್ಣ ಸ್ಟ್ರಾ ಸಿಕ್ಕಿಸಿ ಮೇಣದಿಂದ ಬಿಗಿ ಮಾಡಿ. ಎರಡಕ್ಕೂ ನಲ್ಲಿಯಿಂದ ಒಂದೇ ಪ್ರಮಾಣದ ನೀರು ಬಿಡಿ. ಮಟ್ಟ ನೆಲೆಗೊಳ್ಳುವವರೆಗೆ ಕಾಯಬೇಕು. ಸಣ್ಣ ಸ್ಟ್ರಾ ಇರುವ ಬಾಟಲಿಗೆ ಹೆಚ್ಚು ಹೊತ್ತು ಬೇಕು. ಆಮೇಲೆ ಎರಡೂ ನಲ್ಲಿಗಳನ್ನು ಸಮನಾಗಿ ಇನ್ನಷ್ಟು ತಿರುಗಿಸಿ ಮಟ್ಟ ಎಷ್ಟೆಷ್ಟು ಏರಿತೆಂದು ಅಳೆಯಿರಿ. ನಲ್ಲಿಯನ್ನು ತೀರಾ ಜೋರಾಗಿ ಬಿಟ್ಟು ಬಾಟಲಿ ಉಕ್ಕಿ ಹರಿದರೆ ಪ್ರಯೋಗ ಹಾಳು. ಆದರೂ ವಿದ್ಯಾರ್ಥಿಗಳಿಗೆ ಅದೂ ಒಂದು ಪಾಠವೇ.

ಹಗಲು, ರಾತ್ರಿ, ಭಂಗಿ

ಒತ್ತಡದ ಏರಿಳಿತಗಳಲ್ಲಿ ಹಲವು ಬಗೆ. ಪ್ರತಿ ಹೃದಯ ಬಡಿತಕ್ಕೂ ಅದು 2ರಿಂದ 3ರಷ್ಟು ಏರಿ ಇಳಿಯುತ್ತದೆ. ಕಣ್ಣು ಮಿಟುಕಿಸಿದಾಗ ಕ್ಷಣಮಾತ್ರ ಸುಮಾರು 10ರವರೆಗೆ ಹೆಚ್ಚಾಗಬಹುದು. ಕಣ್ಣನ್ನು ಬಿಗಿಯಾಗಿ ಹಿಂಡಿ ಮುಚ್ಚಿದರೆ, ಉಜ್ಜಿದರೆ ಅದು 50ನ್ನೂ ಮೀರಬಲ್ಲದು. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ, ತುತ್ತೂರಿಯಂತಹ ಹೆಚ್ಚು ತಡೆಯುಳ್ಳ ಊದುವಾದ್ಯ ನುಡಿಸಿದಾಗ, ಒಂದು ಲೀಟರ್ ನೀರನ್ನು ಒಮ್ಮೆಗೇ ಕುಡಿದಾಗ ಒತ್ತಡ ಏರುತ್ತದೆ. ಕೊರಳಿಗೆ ಟೈ ಬಿಗಿಯಾಗಿ ಕಟ್ಟಿದರೂ ಏರುತ್ತದೆ ಎಂದು 2003ರಲ್ಲಿ ಒಂದು ಅಧ್ಯಯನ ತೋರಿಸಿತು. ಕೊರಳಿನ ಅಭಿಧಮನಿ ಅಮುಕಿಕೊಂಡರೆ ಸಮೀಕರಣದ ಕೊನೆಯ ಪದ ದೊಡ್ಡದಾಗುತ್ತದಷ್ಟೆ.

ಶೀರ್ಷಾಸನದ ವಿಷಯ ನಮ್ಮವರಿಗೆ ಹತ್ತಿರವಾದದ್ದು. ನೆಟ್ಟಗೆ ಕುಳಿತಾಗ ಕಣ್ಣು ಹೃದಯಕ್ಕಿಂತ ಸುಮಾರು 25 ಸೆಂಟಿಮೀಟರ್ ಮೇಲಿರುತ್ತದೆ; ತಲೆಕೆಳಗಾದಾಗ ಅಷ್ಟೇ ಕೆಳಗೆ. 25 ಸೆಂಟಿಮೀಟರ್ ಎತ್ತರದ ರಕ್ತದ ಸ್ತಂಭದ ಒತ್ತಡವನ್ನು ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧದಿಂದ ಕಂಡುಕೊಂಡರೆ ಸುಮಾರು 2600 ಪಾಸ್ಕಲ್ ಬರುತ್ತದೆ. ಅದು 19 ಮಿ.ಮೀ. ಪಾದರಸಕ್ಕಿಂತ ತುಸು ಹೆಚ್ಚು. ಎಂದರೆ ಕಣ್ಣಿನ ಅಭಿಧಮನಿಗಳ ಒತ್ತಡ 9ರಿಂದ 20ರ ಆಚೆಗೆ ಹೋಗುತ್ತದೆ. ಕಣ್ಣಿನೊಳಗಿನ ರಕ್ತನಾಳಗಳೂ ತುಂಬಿಕೊಳ್ಳುವುದರಿಂದ ಏರಿಕೆ ತಕ್ಷಣವೇ ಕಾಣುತ್ತದೆ. 15ರಲ್ಲಿದ್ದ ಒತ್ತಡ 30ರ ಆಸುಪಾಸಿಗೆ ಬರಬೇಕು. ಚೆನ್ನೈನಲ್ಲಿ 75 ಯೋಗಾಭ್ಯಾಸಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೀರ್ಷಾಸನದ ವೇಳೆ ಒತ್ತಡ ಎರಡು ಪಟ್ಟು ಆದದ್ದು ಕಂಡುಬಂತು. ಆರೋಗ್ಯವಂತ ಕಣ್ಣು ಇದನ್ನು ತಾಳಿಕೊಳ್ಳುತ್ತದೆ. ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗಾಗುವ ಆಸನಗಳು ಬೇಡವೆಂದು ವೈದ್ಯರು ಹೇಳುವುದು ಇದಕ್ಕಾಗಿ. ಮಿಕ್ಕ ಯೋಗಾಭ್ಯಾಸಕ್ಕೆ ಈ ಮಾತು ಅನ್ವಯಿಸದು.

ಇವೆಲ್ಲ ಆಗಾಗ ಬಂದು ಹೋಗುವ ಏರಿಕೆಗಳು. ಹೆಚ್ಚು ಮುಖ್ಯವಾದದ್ದು 24 ಗಂಟೆಗಳ ಆವರ್ತ. ನಿದ್ರೆಯಲ್ಲಿ ಜಲರಸದ ಉತ್ಪಾದನೆ ಹಗಲಿನ ಅರ್ಧದಷ್ಟಾಗುತ್ತದೆ. ನಮ್ಮ ಸಮೀಕರಣದಲ್ಲಿ 2.5ರ ಬದಲು 1.25 ಹಾಕಿ ಮಿಕ್ಕದ್ದನ್ನೆಲ್ಲ ಹಾಗೆಯೇ ಬಿಟ್ಟರೆ ಒತ್ತಡ 11.5ಕ್ಕೆ ಇಳಿಯಬೇಕು. ಆದರೆ ಅಮೆರಿಕದ ಸ್ಯಾನ್ ಡಿಯಾಗೋದ ನಿದ್ರಾ ಪ್ರಯೋಗಾಲಯದಲ್ಲಿ ಲ್ಯೂ, ವೈನ್‌ರೆಬ್ ಮತ್ತು ಸಂಗಡಿಗರು 1998ರಿಂದ ಪ್ರಕಟಿಸಿದ ಅಳತೆಗಳು ಬೇರೆಯೇ ಕಥೆ ಹೇಳಿದವು. ಹಗಲು ಕೂತಾಗ, ರಾತ್ರಿ ಮಲಗಿದಾಗ, ಅಂದರೆ ಜನ ನಿಜವಾಗಿ ಬದುಕುವ ಭಂಗಿಯಲ್ಲೇ ಅಳೆದರೆ, ಒತ್ತಡದ ಶಿಖರ ಬಹುಮಂದಿಯಲ್ಲಿ ರಾತ್ರಿ ಅಥವಾ ಏಳುವ ಮುನ್ನದ ಹೊತ್ತಿನಲ್ಲಿ ಬರುತ್ತದೆ. ಕಾರಣ ಸ್ವಲ್ಪ ಮಟ್ಟಿಗೆ ಗೊತ್ತು. ಮಲಗಿದಾಗ ಕಣ್ಣು ಮತ್ತು ಹೃದಯ ಒಂದೇ ಮಟ್ಟಕ್ಕೆ ಬಂದು ಅಭಿಧಮನಿಯ ಒತ್ತಡ ಏರುತ್ತದೆ; ಜೊತೆಗೆ ರಾತ್ರಿ ಹೊರಹರಿವಿನ ದಾರಿಗಳೂ ಮಂದವಾಗುತ್ತವೆ. ಉತ್ಪಾದನೆಯ ಇಳಿಕೆಯನ್ನು ಇವೆರಡೂ ಸೇರಿ ಮೀರಿಸುತ್ತವೆ. ತಲೆಯ ಭಾಗವನ್ನು 30 ಡಿಗ್ರಿ ಎತ್ತರಿಸಿ ಮಲಗಿಸಿದಾಗ ಒತ್ತಡ ಸುಮಾರು 3ರಷ್ಟು ಕಡಿಮೆಯಾದದ್ದು 2010ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ.

ಇದೇ ರಾತ್ರಿಯಲ್ಲಿ ರಕ್ತದೊತ್ತಡ ಇಳಿದಿರುತ್ತದೆ ಎಂಬುದನ್ನೂ ನೆನಪಿಡಬೇಕು. ದೃಷ್ಟಿನರದ ತುದಿಗೆ ರಕ್ತ ನೂಕುವ ಬಲ ಎಂದರೆ, ಸ್ಥೂಲವಾಗಿ, ರಕ್ತದೊತ್ತಡದಿಂದ ಕಣ್ಣಿನ ಒತ್ತಡವನ್ನು ಕಳೆದಾಗ ಉಳಿಯುವುದು. ಒಂದು ಇಳಿದು ಇನ್ನೊಂದು ಏರಿದರೆ ವ್ಯತ್ಯಾಸ ಎರಡೂ ಕಡೆಯಿಂದ ಕಿರಿದಾಗುತ್ತದೆ.

ಹನ್ನೊಂದು ಗಂಟೆಗೆ ಆಸ್ಪತ್ರೆಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತವರ ಕಣ್ಣಿನಲ್ಲಿ ಇದು ಯಾವುದೂ ಕಾಣದು.

ಅಳತೆಯ ಇತಿಮಿತಿ

ಆಸ್ಪತ್ರೆಗಳಲ್ಲಿ ಇಂದಿಗೂ ಪ್ರಮಾಣವೆನಿಸಿರುವುದು ಗೋಲ್ಡ್‌ಮನ್ 1950ರ ದಶಕದಲ್ಲಿ ರೂಪಿಸಿದ ಒತ್ತಡಮಾಪಕವೇ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಒಂದು ಪುಟ್ಟ ಪಟ್ಟಕವನ್ನು ಕಾರ್ನಿಯಾಕ್ಕೆ ತಾಗಿಸಿ, 3.06 ಮಿಲಿಮೀಟರ್ ವ್ಯಾಸದ ವೃತ್ತ ಚಪ್ಪಟೆಯಾಗುವವರೆಗೆ ಒತ್ತುತ್ತಾರೆ. ಬೇಕಾದ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಈ ವಿಚಿತ್ರ ಸಂಖ್ಯೆ 3.06 ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಾರ್ನಿಯಾದ ಬಿಗುಪು ಪಟ್ಟಕವನ್ನು ಹೊರಕ್ಕೆ ತಳ್ಳುತ್ತದೆ, ಕಣ್ಣೀರಿನ ಮೇಲ್ಮೈ ಎಳೆತ ಒಳಕ್ಕೆ ಸೆಳೆಯುತ್ತದೆ. ಸುಮಾರು ಈ ಅಳತೆಯಲ್ಲಿ ಎರಡೂ ಒಂದನ್ನೊಂದು ರದ್ದು ಮಾಡುತ್ತವೆ. ಇನ್ನೊಂದು ಅನುಕೂಲವೂ ಉಂಟು. ಈ ವೃತ್ತದ ವಿಸ್ತೀರ್ಣ 7.35 ಚದರ ಮಿಲಿಮೀಟರ್. ಆದ್ದರಿಂದ 1 ಗ್ರಾಂ ಭಾರದಷ್ಟು ಬಲ ಸರಿಯಾಗಿ 10 ಮಿ.ಮೀ. ಪಾದರಸಕ್ಕೆ ಸಮ. ಲೆಕ್ಕ ಮಾಡಿ ನೋಡಿ. ಇಷ್ಟು ಅಚ್ಚುಕಟ್ಟಾದ ಉಪಕರಣಗಳು ವಿಜ್ಞಾನದಲ್ಲಿ ಹೆಚ್ಚಿಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಈ ರದ್ದತಿ ಸರಿಹೋಗುವುದು ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಮಾತ್ರ. ತೆಳು ಕಾರ್ನಿಯಾದವರಲ್ಲಿ, ಕನ್ನಡಕ ಬಿಡಲೆಂದು ಲೇಸರ್ ಮಾಡಿಸಿಕೊಂಡವರಲ್ಲಿ ಕೂಡ, ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ಅಲ್ಲದೆ ಒಂದೇ ಕಣ್ಣನ್ನು ಬೆನ್ನುಬೆನ್ನಿಗೆ ಅಳೆದರೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಹಜ.

ಇದಕ್ಕಿಂತ ದೊಡ್ಡ ತೊಂದರೆ ಅಳತೆಗಳ ಸಂಖ್ಯೆಯದು. ವರ್ಷದಲ್ಲಿ 5,25,600 ನಿಮಿಷಗಳಿವೆ. ಅದರಲ್ಲಿ ನಾಲ್ಕು ನಿಮಿಷ ಮಾತ್ರ ನಾವು ನೋಡುತ್ತೇವೆ. 24 ಗಂಟೆಗೊಮ್ಮೆ ಆವರ್ತಿಸುವ ತರಂಗವನ್ನು ಪ್ರತಿ ಸಲವೂ ಅದೇ ಗಂಟೆಗೆ ಅಳೆದರೆ ಸಿಗುವುದು ಸರಳರೇಖೆಯೇ. ಸುತ್ತುವ ಫ್ಯಾನಿನ ಮೇಲೆ ಸರಿಯಾದ ಆವೃತ್ತಿಯಲ್ಲಿ ಮಿನುಗುವ ಬೆಳಕು ಬಿಟ್ಟರೆ ರೆಕ್ಕೆ ನಿಂತಂತೆ ಕಾಣುವುದನ್ನು ನೀವು ಪ್ರಯೋಗಾಲಯದಲ್ಲಿ ನೋಡಿರುತ್ತೀರಿ. ನಮ್ಮ ಗಣಿತದ ಮೇಷ್ಟ್ರ ಗ್ರಾಫು ಅದೇ ನಿಂತ ಫ್ಯಾನು.

ಇನ್ನೊಂದು ಎಡವಟ್ಟೂ ಇದೆ. ಒಂದು ದಿನ ಅಳತೆ 22 ಬಂದಿತೆಂದು ಔಷಧಿ ಬದಲಿಸುತ್ತಾರೆ, ಮುಂದಿನ ಸಲ 18 ಬರುತ್ತದೆ. ಔಷಧಿಯ ಗುಣವೆಂದು ಎಲ್ಲರಿಗೂ ಸಂತೋಷ. ಆದರೆ ತೂಗಾಡುವ ಯಾವುದೇ ರಾಶಿಯಲ್ಲಿ ತುಂಬ ಎತ್ತರದ ಬೆಲೆಯ ನಂತರ ಬರುವ ಬೆಲೆ ಸರಾಸರಿಯ ಕಡೆಗೆ ಇಳಿಯುವ ಸಂಭವವೇ ಹೆಚ್ಚು. ಔಷಧಿ ಬದಲಿಸದಿದ್ದರೂ 18 ಬರುತ್ತಿತ್ತೋ ಏನೋ. ಕಿರುಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದವರು ಮುಂದಿನದರಲ್ಲಿ ಸ್ವಲ್ಪ ಇಳಿಯುವುದನ್ನು ಅಧ್ಯಾಪಕರು ಬಲ್ಲರು.

ಚಿಕಿತ್ಸೆ ಏರಿಳಿತವನ್ನು ಏನು ಮಾಡುತ್ತದೆ?

ಔಷಧಿಗಳನ್ನು ಸಮೀಕರಣದ ಯಾವ ಪದವನ್ನು ಬದಲಿಸುತ್ತವೆ ಎಂಬುದರ ಮೇಲೆ ವಿಂಗಡಿಸಬಹುದು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಿಮೊಲಾಲ್ ಉತ್ಪಾದನೆಯನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸುತ್ತದೆ. 1996ರಲ್ಲಿ ಬಂದ ಲೆಟಾನೊಪ್ರೋಸ್ಟ್ ಮುಖ್ಯವಾಗಿ ಅಡ್ಡದಾರಿಯನ್ನು ಅಗಲಿಸುತ್ತದೆ. ಜಾಲರಿಗೆ ಮಾಡುವ ಲೇಸರ್ ಚಿಕಿತ್ಸೆ ಹೊರಹರಿವಿನ ಸುಲಭತೆಯನ್ನು ಹೆಚ್ಚಿಸುತ್ತದೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನೆಟಾರ್ಸುಡಿಲ್ ಸುಲಭತೆಯನ್ನು ಹೆಚ್ಚಿಸುವುದರ ಜೊತೆಗೆ ಅಭಿಧಮನಿಯ ಒತ್ತಡವನ್ನೂ ಇಳಿಸುತ್ತದೆ.

ನಮ್ಮ 24.4ರ ಕಣ್ಣಿಗೆ ಟಿಮೊಲಾಲ್ ಹಾಕೋಣ. ಉತ್ಪಾದನೆ 2.5ರಿಂದ 1.7ಕ್ಕೆ ಇಳಿದರೆ ಒತ್ತಡ 1.2 ÷ 0.13 + 9, ಅಂದರೆ 18.2. ಬದಲಿಗೆ ಲೇಸರ್ ಮಾಡಿ ಸುಲಭತೆಯನ್ನು 0.13ರಿಂದ 0.2ಕ್ಕೆ ಏರಿಸಿದರೆ 2.0 ÷ 0.2 + 9, ಅಂದರೆ 19. ಹನ್ನೊಂದು ಗಂಟೆಯ ಅಳತೆಯಲ್ಲಿ ಇವೆರಡಕ್ಕೂ ವ್ಯತ್ಯಾಸವೇ ಇಲ್ಲ ಎನ್ನಬಹುದು. ಆದರೆ ಉತ್ಪಾದನೆ 0.5ರಷ್ಟು ಏರುಪೇರಾದರೆ ಮೊದಲನೆಯ ಕಣ್ಣಿನಲ್ಲಿ ಒತ್ತಡ 3.8ರಷ್ಟು, ಎರಡನೆಯದರಲ್ಲಿ 2.5ರಷ್ಟು ಬದಲಾಗುತ್ತದೆ. ಕಟ್ಟಿಕೊಂಡ ಕೊಳಾಯಿಯನ್ನು ಸರಿಪಡಿಸುವುದು ಬೇರೆ, ಕಟ್ಟಿಕೊಂಡಿರಲಿ ಎಂದು ಬಿಟ್ಟು ನಲ್ಲಿ ಸಣ್ಣ ಮಾಡುವುದು ಬೇರೆ. ಇದು ಸರಳ ಮಾದರಿಯ ಲೆಕ್ಕ. ಪ್ರತಿ ರೋಗಿಯ ಕಣ್ಣೂ ಈ ಸಂಖ್ಯೆಗಳನ್ನು ಪಾಲಿಸಬೇಕಿಲ್ಲ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ನಿರ್ಧರಿಸುವಾಗ ವೈದ್ಯರು ಆಸ್ತಮಾ, ಹೃದಯದ ಬಡಿತ, ಖರ್ಚು ಎಲ್ಲವನ್ನೂ ನೋಡಬೇಕಾಗುತ್ತದೆ.

ರಾತ್ರಿಯ ಮಟ್ಟಿಗೆ ಮಾದರಿಯ ಮಾತು ಅಳತೆಗೆ ಚೆನ್ನಾಗಿ ಹೊಂದುತ್ತದೆ. ನಿದ್ರೆಯಲ್ಲಿ ಉತ್ಪಾದನೆ ಆಗಲೇ ಅರ್ಧವಾಗಿರುವುದರಿಂದ ಟಿಮೊಲಾಲ್‌ಗೆ ಅಲ್ಲಿ ಹೆಚ್ಚು ಕೆಲಸ ಉಳಿದಿಲ್ಲ. 2004ರಲ್ಲಿ ಸ್ಯಾನ್ ಡಿಯಾಗೋದ ಅದೇ ತಂಡ ಎರಡು ಔಷಧಿಗಳನ್ನು ಹೋಲಿಸಿದಾಗ, ಟಿಮೊಲಾಲ್ ಹಗಲಿನಲ್ಲಿ ಮಾತ್ರ ಪರಿಣಾಮ ತೋರಿತು, ಲೆಟಾನೊಪ್ರೋಸ್ಟ್ ರಾತ್ರಿಯಲ್ಲೂ ಒತ್ತಡವನ್ನು ತಗ್ಗಿಸಿತು. ಹಗಲನ್ನು ಮಾತ್ರ ಇಳಿಸಿ ರಾತ್ರಿಯನ್ನು ಹಾಗೇ ಬಿಟ್ಟರೆ ಹಗಲು ರಾತ್ರಿಗಳ ಅಂತರ ಚಿಕಿತ್ಸೆಗೆ ಮುನ್ನ ಇದ್ದುದಕ್ಕಿಂತ ಹಿಗ್ಗುವುದೂ ಸಾಧ್ಯ!

ಏರಿಳಿತಕ್ಕೆ ಇನ್ನೊಂದು ಸಾಮಾನ್ಯ ಕಾರಣಕ್ಕೆ ಯಾವ ಸಮೀಕರಣವೂ ಬೇಡ. ಹನಿ ಹಾಕಿಕೊಳ್ಳುವುದು ಮರೆತುಹೋಗುವುದು. 1986ರಲ್ಲಿ ಕಾಸ್ ಮತ್ತು ಸಂಗಡಿಗರು ಔಷಧಿಯ ಶೀಶೆಯಲ್ಲೇ ಎಲೆಕ್ಟ್ರಾನಿಕ್ ದಾಖಲೆಯಂತ್ರ ಅಡಗಿಸಿ ನೋಡಿದರು. ರೋಗಿಗಳು ತಾವು ಶೇ. 97ರಷ್ಟು ಹನಿಗಳನ್ನು ಹಾಕಿಕೊಂಡಿದ್ದೇವೆ ಎಂದರು; ಯಂತ್ರ ಶೇ. 76 ಎಂದಿತು. ಆಸ್ಪತ್ರೆಗೆ ಹೋಗುವ ಹಿಂದಿನ ಎರಡು ದಿನ ಎಲ್ಲರೂ ಶ್ರದ್ಧಾವಂತರೇ. ಹಾಗಾಗಿ ಅಂದಿನ ಅಳತೆ ಚೆನ್ನಾಗಿಯೇ ಬರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ವಿದ್ಯಾರ್ಥಿಗಳನ್ನು ನಾವು ಬೈಯುತ್ತೇವೆ, ಅಷ್ಟೆ.

ಏರಿಳಿತವೇ ಅಪರಾಧಿಯೇ?

ಇಲ್ಲಿಂದ ಮುಂದಕ್ಕೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಸರಾಸರಿ ಒತ್ತಡ ಒಂದೇ ಇದ್ದಾಗಲೂ ಹೆಚ್ಚು ತೂಗಾಡುವ ಕಣ್ಣಿಗೆ ಹೆಚ್ಚು ಹಾನಿಯಾಗುತ್ತದೆಯೇ? 2000ದಲ್ಲಿ ಅಸ್ರಾನಿ ಮತ್ತು ಸಂಗಡಿಗರು, 64 ರೋಗಿಗಳು ಮನೆಯಲ್ಲೇ ಐದು ದಿನ, ದಿನಕ್ಕೆ ಐದು ಬಾರಿ ಒತ್ತಡ ಅಳೆದುಕೊಂಡ ದಾಖಲೆಗಳನ್ನು ಪರಿಶೀಲಿಸಿ, ಹೌದು ಎಂದರು. ಆಸ್ಪತ್ರೆಯ ಅಳತೆ ಒಪ್ಪುವ ಮಟ್ಟದಲ್ಲಿದ್ದರೂ ದಿನದ ಏರಿಳಿತ ದೊಡ್ಡದಿದ್ದವರಲ್ಲಿ ರೋಗ ಬೇಗ ಮುಂದುವರಿದಿತ್ತು. ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗದ ದತ್ತಾಂಶ ಬಳಸಿದ 2004ರ ವಿಶ್ಲೇಷಣೆ ಭೇಟಿಯಿಂದ ಭೇಟಿಗೆ ಆಗುವ ಏರಿಳಿತವನ್ನೂ ಅಪಾಯದ ಪಟ್ಟಿಗೆ ಸೇರಿಸಿತು. 2007ರಲ್ಲಿ ಸ್ವೀಡನ್ನಿನ ತಂಡ ತನ್ನ ದತ್ತಾಂಶ ನೋಡಿ, ಇಲ್ಲ, ಹಾನಿಗೆ ಕಾರಣ ಸರಾಸರಿಯೇ, ಏರಿಳಿತಕ್ಕೆ ಸ್ವತಂತ್ರ ಪಾತ್ರ ಕಾಣುತ್ತಿಲ್ಲ ಎಂದಿತು. 2008ರಲ್ಲಿ ಅಮೆರಿಕದ ದತ್ತಾಂಶವನ್ನೇ ಮತ್ತೆ ಜಾಲಾಡಿದಾಗ, ಸರಾಸರಿ ಒತ್ತಡ ಕಡಿಮೆ ಇರುವವರಲ್ಲಿ ಮಾತ್ರ ಏರಿಳಿತದ ಸಂಬಂಧ ಕಂಡಿತು.

ಈ ಗೊಂದಲಕ್ಕೆ ಭಾಗಶಃ ಕಾರಣ ನಮ್ಮ ಸಮೀಕರಣದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಒತ್ತಡ ಅಭಿಧಮನಿಯ ಮಟ್ಟಕ್ಕಿಂತ ಎಷ್ಟು ಮೇಲಿದೆ ಎಂಬುದೂ, ಅದು ಎಷ್ಟು ತೂಗಾಡುತ್ತದೆ ಎಂಬುದೂ ಒಂದೇ ಸುಲಭತೆಯಿಂದ ಭಾಗಿಸಿ ಬಂದ ಬೆಲೆಗಳು. ಜಾಲರಿ ಕಟ್ಟಿಕೊಂಡಷ್ಟೂ ಎರಡೂ ಜೊತೆಯಲ್ಲೇ ಏರುತ್ತವೆ. ಒಟ್ಟಿಗೇ ಹುಟ್ಟಿ ಒಟ್ಟಿಗೇ ಬೆಳೆಯುವ ಎರಡು ರಾಶಿಗಳಲ್ಲಿ ಹಾನಿ ಯಾವುದರಿಂದ ಎಂದು ಸಂಖ್ಯಾಶಾಸ್ತ್ರದಿಂದ ಬಿಡಿಸುವುದು ಕಷ್ಟ, ಅದರಲ್ಲೂ ವರ್ಷಕ್ಕೆ ನಾಲ್ಕು ಅಳತೆಗಳಿಂದ. ಹಗಲಿನ ನಾಲ್ಕು ಬಿಂದುಗಳ ಮಾನಕ ವಿಚಲನೆಯನ್ನು ಲೆಕ್ಕಹಾಕಿ ಅದನ್ನು ಏರಿಳಿತ ಎಂದು ಕರೆಯುವುದು ನನಗಂತೂ ಒಪ್ಪಿಗೆಯಿಲ್ಲ. ಸರಾಸರಿ ಮುಖ್ಯ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ರಾತ್ರಿಯನ್ನು ಬಿಟ್ಟ ಸರಾಸರಿ ಯಾವ ಸರಾಸರಿ?

ಹೆಚ್ಚು ಅಳತೆಗಳಿಗೆ ದಾರಿಗಳು ತೆರೆಯುತ್ತಿವೆ. ಮನೆಯಲ್ಲೇ ಬಳಸಬಹುದಾದ ಒಂದು ಬಗೆಯ ಮಾಪಕ, ಕಾಂತೀಯಗೊಳಿಸಿದ ಹಗುರ ಕಡ್ಡಿಯೊಂದನ್ನು ಕಾರ್ನಿಯಾಕ್ಕೆ ಮೆಲ್ಲಗೆ ಚಿಮ್ಮಿಸಿ ಅದು ಪುಟಿದು ಬರುವ ಬಗೆಯನ್ನು ಸುತ್ತಲಿನ ಸುರುಳಿಯಲ್ಲಿ ಪ್ರೇರಿತವಾಗುವ ವಿದ್ಯುತ್ತಿನಿಂದ ಗುರುತಿಸುತ್ತದೆ. ಕಣ್ಣು ಗಟ್ಟಿಯಾಗಿದ್ದಷ್ಟೂ ಕಡ್ಡಿ ಬೇಗ ಹಿಂದಿರುಗುತ್ತದೆ. ಫ್ಯಾರಡೆಯ ನಿಯಮಕ್ಕೆ ಇಂಥ ಮೃದುವಾದ ಉಪಯೋಗ ಬೇರೆ ಕಂಡಿಲ್ಲ; ಮರಗಟ್ಟಿಸುವ ಹನಿಯೂ ಬೇಡ. ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡು 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಿಗರ್‌ಫಿಶ್ ಎಂಬ ಕಾಂಟ್ಯಾಕ್ಟ್ ಲೆನ್ಸು 24 ಗಂಟೆ ಕಣ್ಣಿನಲ್ಲೇ ಇದ್ದು, ಕಾರ್ನಿಯಾದ ಅಂಚಿನ ಸುತ್ತಳತೆಯ ಸೂಕ್ಷ್ಮ ಹಿಗ್ಗುಕುಗ್ಗುಗಳನ್ನು ನಿದ್ರೆಯಲ್ಲೂ ದಾಖಲಿಸುತ್ತದೆ. ಆದರೆ ಅದು ಕೊಡುವುದು ಮಿಲಿವೋಲ್ಟ್‌ಗೆ ಹೋಲುವ ತನ್ನದೇ ಏಕಮಾನದ ಬೆಲೆಗಳನ್ನು, ಪಾದರಸದ ಮಿಲಿಮೀಟರುಗಳನ್ನಲ್ಲ. ಏರಿಳಿತದ ಆಕಾರ ತಿಳಿಯುತ್ತದೆ, ಎತ್ತರ ತಿಳಿಯುವುದಿಲ್ಲ.

ಇವು ಯಾವುವೂ ಇಲ್ಲದಿದ್ದರೂ ಹಳೆಯ ವಿಧಾನವೊಂದಿದೆ. ರೋಗಿಯನ್ನು ಒಂದು ದಿನ ಆಸ್ಪತ್ರೆಯಲ್ಲಿ ಉಳಿಸಿಕೊಂಡು ಮೂರು ಗಂಟೆಗೊಮ್ಮೆ ಅಳೆಯುವುದು. ನಮ್ಮ ಮೇಷ್ಟ್ರ ವೈದ್ಯರು ಅದನ್ನೇ ಮಾಡಿದರು. ಹನ್ನೊಂದಕ್ಕೆ 16, ಸಂಜೆ 15, ನಡುರಾತ್ರಿ ಮಲಗಿದಾಗ 22, ಬೆಳಗಿನ ಆರಕ್ಕೆ ಹಾಸಿಗೆಯಿಂದ ಏಳುವ ಮೊದಲು 25. ಟಿಮೊಲಾಲ್ ಜೊತೆಗೆ ರಾತ್ರಿ ಹಾಕುವ ಇನ್ನೊಂದು ಹನಿ ಬಂತು. ಅವರು ಮಲಗುವಾಗ ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆಯನ್ನು ಅವರ ವೈದ್ಯರು ಬೆಳಗಿಗೆ ಬದಲಿಸಿದರು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮೇಷ್ಟ್ರು ತಾವೇ ಎರಡು ಇಟ್ಟಿಗೆ ಇಟ್ಟುಕೊಂಡಿದ್ದಾರೆ. ಅದು 30 ಡಿಗ್ರಿ ಆಗುವುದಿಲ್ಲ ಎಂದು ನಾನು ಹೇಳಿದ್ದಕ್ಕೆ, ಸೈನ್ ಕೋಷ್ಟಕ ತಮಗೂ ಗೊತ್ತು ಎಂದರು.

ಈಗ ಅವರ ಗ್ರಾಫಿನಲ್ಲಿ ಪ್ರತಿ ಬಿಂದುವಿನ ಪಕ್ಕ ಗಂಟೆಯನ್ನೂ ಬರೆದಿದೆ. ಒಂದು ಸಲ ಮಗನ ಮನೆಯಲ್ಲಿ ಉಳಿದು ಬೆಳಗಿನ ಎಂಟಕ್ಕೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರಂತೆ. ಕಳೆದ ಎರಡು ದೃಷ್ಟಿಕ್ಷೇತ್ರ ಪರೀಕ್ಷೆಗಳಲ್ಲಿ ಬಲಗಣ್ಣಿನ ಕಾಣದ ಭಾಗ ಹಿಗ್ಗಿಲ್ಲ. ಎರಡು ಬಿಂದುಗಳ ಮೂಲಕ ಯಾವ ರೇಖೆಯನ್ನಾದರೂ ಎಳೆಯಬಹುದು, ಮೂರನೆಯದು ಬರಲಿ ಎನ್ನುತ್ತಾರೆ ಅವರು.